ಕಡಲಿಗೂ ಒಂದು ಪಹಣಿ ಬರೆಸಿ: ಪಾವಗಡದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: ಸಮುದ್ರದಲ್ಲಿ ಗಾಳಿಯಂತ್ರ ನೆಡಲು ಜಾಗ ಗುತ್ತಿಗೆ ಕೊಡುವ ಮೊದಲು, ಆ ಜಾಗವನ್ನು ಈಗ ಯಾರು ಯಾವಾಗ ಬಳಸುತ್ತಿದ್ದಾರೆ ಎಂದು ದಾಖಲೆ ಮಾಡಿಸುವ ಬಗ್ಗೆ.

ಮಾನ್ಯರೇ,

ಪಾವಗಡ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್‌ಗಿಂತ ಅಲ್ಲಿ ಜಾಸ್ತಿ ನಡೆಯುವುದು ಅರ್ಜಿ ಬರೆಯುವ ಕೆಲಸ. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಆಯಿತೆಂದು ಬೆಸ್ಕಾಂಗೆ ಮನವಿ, ಹೀಗೆ. ಇಪ್ಪತ್ತೆರಡು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಬೇರೆಯವರ ಹೆಸರಿನಲ್ಲಿ ಎಷ್ಟು ಅರ್ಜಿ ಬರೆದಿದ್ದೇನೋ ಲೆಕ್ಕವಿಲ್ಲ. ನನ್ನ ಹೆಸರಿನಲ್ಲಿ ಒಬ್ಬ ಮಂತ್ರಿಗೆ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ಖಾತೆ ಸದ್ಯ ಕನ್ನಡಿಗರ ಕೈಯಲ್ಲಿದೆ, ಹಾಗಾಗಿ ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಹೋಗಲಿಲ್ಲ.

ಅದೂ ಸಮುದ್ರದ ವಿಷಯಕ್ಕೆ ಬರೆಯುತ್ತಿದ್ದೇನೆ. ನಗಬೇಡಿ. ನಮ್ಮದು ಸುತ್ತ ಬಹುಪಾಲು ಆಂಧ್ರವೇ ಇರುವ ತಾಲ್ಲೂಕು. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ನಾನು ಮೊದಲ ಸಲ ಸಮುದ್ರ ನೋಡಿದ್ದು ನಲವತ್ತು ದಾಟಿದ ಮೇಲೆ. ಮಗಳಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂತ ಸೇರಿಸಲು ಹೋದಾಗ. "ಕುಡಿಯೋಕೇ ನೀರಿಲ್ಲದ ಊರಿನ ಹುಡುಗಿ ಮೀನಿನ ಓದು ಓದ್ತಾಳಂತೆ" ಎಂದು ನೆಂಟರೆಲ್ಲ ಆಡಿಕೊಂಡರು. ಈ ಪತ್ರದಲ್ಲಿರುವ ಕಡಲಿನ ಮಾತುಗಳಲ್ಲಿ ಅರ್ಧ ಅವಳಿಂದ ಬಂದವು. ಇನ್ನರ್ಧ ನಮ್ಮ ಪಾವಗಡದ್ದೇ.

ಪಾವಗಡದ ಸೋಲಾರ್ ಪಾರ್ಕ್ ನಿಮಗೆ ಗೊತ್ತೇ ಇರುತ್ತದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ. 2,050 ಮೆಗಾವ್ಯಾಟ್. ಯೋಜನೆ ಶುರುವಾಗಿದ್ದು 2015ರಲ್ಲಿ, ಉದ್ಘಾಟನೆ 2018ರ ಮಾರ್ಚ್‌ನಲ್ಲಿ. ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಕಡ್ಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಅದು ಸಣ್ಣ ಮಾತಲ್ಲ. ಜಮೀನು ರೈತನ ಹೆಸರಿನಲ್ಲೇ ಉಳಿಯಿತು ಅನ್ನುವುದೂ ಒಳ್ಳೆಯದೇ. ಅದನ್ನು ಹೊಗಳಿದವರ ಜೊತೆ ನಾನೂ ಇದ್ದೇನೆ.

ಆ ದಿನಗಳಲ್ಲಿ ನನ್ನ ಝೆರಾಕ್ಸ್ ಮಿಷನ್ ಆರುತ್ತಲೇ ಇರಲಿಲ್ಲ. ಪಹಣಿ, ಆಧಾರ್, ಪಾಸ್‌ಬುಕ್, ವಂಶವೃಕ್ಷ. ಒಬ್ಬೊಬ್ಬರದೂ ನಾಲ್ಕು ನಾಲ್ಕು ಸೆಟ್. ಮೂವತ್ತು ಎಕರೆ ಇದ್ದವರೂ ಬಂದರು, ಎರಡು ಎಕರೆ ಇದ್ದವರೂ ಬಂದರು. ಬಾರದೆ ಇದ್ದವರು ಯಾರು ಅಂತ ನನಗೆ ಹೊಳೆದಿದ್ದು ಬಹಳ ತಡವಾಗಿ. ನಮ್ಮ ಮನೆಯವರೇ ಬಂದಿರಲಿಲ್ಲ.

ನಮ್ಮಪ್ಪ ಕುರಿ ಕಾಯುತ್ತಿದ್ದರು. ನಮಗೆ ಒಂದು ಗುಂಟೆ ಹೊಲ ಇಲ್ಲ. ಕಡ್ಲೆಕಾಯಿ ಕಿತ್ತು ಮುಗಿದ ಮೇಲೆ ಹೊಲದವರೇ ಅಪ್ಪನನ್ನು ಕರೆಯುತ್ತಿದ್ದರು. ಹೊಲದಲ್ಲಿ ನಾಲ್ಕು ರಾತ್ರಿ ಮಂದೆ ನಿಲ್ಲಿಸಿದರೆ ಅವರಿಗೆ ಗೊಬ್ಬರ, ಅಪ್ಪನಿಗೆ ದವಸವೋ ದುಡ್ಡೋ. ಬೀಳು ಬಿದ್ದ ಹೊಲದಲ್ಲಿ ಹಗಲೆಲ್ಲ ಮೇಯಿಸಿದರೂ ಯಾರೂ ಕೇಳುತ್ತಿರಲಿಲ್ಲ. ಯಾವ ತಿಂಗಳು ಯಾವ ಹೊಲ, ಯಾವ ಹಳ್ಳದ ಮೇಲೆ ದಾರಿ, ಯಾವ ಬಾವಿಯಲ್ಲಿ ನೀರು, ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಅವರಪ್ಪನ ಕಾಲದಿಂದಲೂ ಹಾಗೇ.

ಬೇಲಿ ಬಂದ ವರ್ಷ ಅಪ್ಪ ಎಂದಿನಂತೆ ಮಂದೆ ಹೊಡೆದುಕೊಂಡು ಹೋದರು. ಗೇಟಿನ ಹುಡುಗ ತಡೆದ. ಅವನೂ ನಮ್ಮ ಕಡೆಯವನೇ. "ತಾತಾ, ಕಂಪನಿಯೋರು ನನ್ನನ್ನ ಬಯ್ತಾರೆ, ಸುತ್ತು ಹಾಕ್ಕೊಂಡು ಹೋಗು" ಅಂದನಂತೆ. ಸುತ್ತು ಅಂದರೆ ಐದಾರು ಕಿಲೋಮೀಟರ್. ಅಷ್ಟು ನಡೆದು ಹೋದರೂ ಮೇಯಲು ಅಲ್ಲಿ ಏನೂ ಉಳಿದಿರಲಿಲ್ಲ. ಸಂಜೆ ಅಪ್ಪ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, "ಒಂದು ಅರ್ಜಿ ಬರಿ" ಅಂದರು.

ಬರೆಯಲು ಕೂತೆ. "ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ನಾನು ಸದರಿ ಸರ್ವೆ ನಂಬರಿನ" ಅನ್ನುವವರೆಗೆ ಕೈ ತಾನಾಗೇ ಓಡಿತು. ಮುಂದೆ ಏನು ಬರೆಯಲಿ? ಮಾಲೀಕ ಅಲ್ಲ. ಗೇಣಿದಾರ ಅಲ್ಲ. ಸಾಗುವಳಿದಾರ ಅಲ್ಲ. ಸಾವಿರಾರು ಅರ್ಜಿ ಬರೆದವನಿಗೆ ಸ್ವಂತ ಅಪ್ಪನಿಗೆ ಒಂದು ಹೆಸರು ಸಿಗಲಿಲ್ಲ. ಹೇಗೋ ಏನೋ ಗೀಚಿ ಒಂದು ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಕೂತವರು ಕೆಟ್ಟವರೇನಲ್ಲ, ನೀರು ಕೊಟ್ಟು ಕೂರಿಸಿದರು. ಆಮೇಲೆ, "ನಿಮ್ಮ ಹತ್ತಿರ ದಾಖಲೆ ಏನಿದೆ ಯಜಮಾನರೇ?" ಅಂತ ಕೇಳಿದರು. "ದಾರಿ ಇದೆಯಲ್ಲ ಸ್ವಾಮಿ" ಅಂದರು ಅಪ್ಪ. ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಒಂದೂವರೆ ವರ್ಷದಲ್ಲಿ ಕುರಿ ಪೂರ್ತಿ ಮಾರಾಟವಾದವು. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರ ಕತೆಯೂ ಇದೇ. ಹೊಲದವರಿಗೆ ಗುತ್ತಿಗೆ ಬಂತು, ಹೊಲದಲ್ಲಿ ದುಡಿಯುತ್ತಿದ್ದವರಿಗೆ ಏನೂ ಬರಲಿಲ್ಲ.

ಪಹಣಿಯನ್ನು ನೀವು ನೋಡಿಯೇ ಇರುತ್ತೀರಿ. 9ನೇ ಕಾಲಂನಲ್ಲಿ ಕಬ್ಜೆದಾರರ, ಅಂದರೆ ಮಾಲೀಕರ ಹೆಸರು. 11ರಲ್ಲಿ ಇತರ ಹಕ್ಕು, ಋಣ. 12ರಲ್ಲಿ ಸಾಗುವಳಿ ಮಾಡುವವರು, ಬೆಳೆ. ಗುತ್ತಿಗೆ ಕೊಡುವಾಗ ಎಲ್ಲರ ಕಣ್ಣು ನೆಟ್ಟಗೆ 9ಕ್ಕೆ ಹೋಗುತ್ತದೆ. ನಮ್ಮಪ್ಪನಂಥವರು 12ರಲ್ಲೂ ಇಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಬಳಸುವವನಿಗೆ ನಮ್ಮ ದಾಖಲೆಯಲ್ಲಿ ಕಾಲಂ ಇಲ್ಲ. ಆದರೂ ಹೊಲಕ್ಕೆ ಒಂದು ಪಹಣಿಯಾದರೂ ಇದೆ. ಸಮುದ್ರಕ್ಕೆ ಅದೂ ಇಲ್ಲ. ಕಡಲಿಗೆ ಹೋಗುವ ಪ್ರತಿಯೊಬ್ಬರೂ ನಮ್ಮಪ್ಪನ ಹಾಗೇ ಸ್ವಾಮಿ. ಅಷ್ಟು ಹೇಳುವುದಕ್ಕೇ ಈ ಪತ್ರ.

ಹೋದ ವರ್ಷ ಮಗಳು ಫೋನಿನಲ್ಲಿ ನಿಮ್ಮ ಸರ್ಕಾರದ 2023ರ ಕಡಲ ಗಾಳಿ ಗುತ್ತಿಗೆ ನಿಯಮದ ವಿಷಯ ಹೇಳಿದಳು. ಸಮೀಕ್ಷೆಗೆ ಮೂರು ವರ್ಷ, ಬೇಕಾದರೆ ಇನ್ನೆರಡು. ವಿದ್ಯುತ್ ತಯಾರಿಸಲು 35 ವರ್ಷದ ಗುತ್ತಿಗೆ. ಬಾಡಿಗೆ ಚದರ ಕಿಲೋಮೀಟರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ. "ಎಕರೆಗೆ ಎಷ್ಟಾಯ್ತಮ್ಮಾ?" ಅಂದೆ. ನನ್ನ ಕಸುಬಿನ ಬುದ್ಧಿ. ಒಂದು ಚದರ ಕಿಲೋಮೀಟರ್ ಅಂದರೆ 247 ಎಕರೆ. ಅಂಗಡಿಯ ಕ್ಯಾಲ್ಕುಲೇಟರ್ ಒತ್ತಿದೆ. 405 ರೂಪಾಯಿ ಬಂತು. ತಪ್ಪಿರಬೇಕು ಅಂತ ಇನ್ನೊಂದು ಸಲ ಒತ್ತಿದೆ. ಅಷ್ಟೇ ಬಂತು.

ನಮ್ಮ ಬೆಂಗಾಡು ಎಕರೆಗೆ 21,000. ಮೀನು ಬೆಳೆಯುವ ಕಡಲು ಎಕರೆಗೆ 405. ಹೋಲಿಕೆ ಸರಿಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು, ಒಪ್ಪುತ್ತೇನೆ. ಸಮುದ್ರದಲ್ಲಿ ಕಂಬ ನೆಡುವ ಖರ್ಚೇ ಬೇರೆ. ಎಕರೆ ಪೂರ್ತಿ ಮುಚ್ಚುವುದಿಲ್ಲ, ಯಂತ್ರಗಳ ನಡುವೆ ನೀರು ಖಾಲಿ ಇರುತ್ತದೆ. ಬಾಡಿಗೆ ಜಾಸ್ತಿ ಮಾಡಿದರೆ ಕರೆಂಟಿನ ಬೆಲೆ ಏರುತ್ತದೆ. ಎಲ್ಲ ಸರಿ. ನನ್ನ ತಕರಾರು ಆ ದುಡ್ಡು ಕಡಿಮೆ ಅಂತಲ್ಲ. ಇಲ್ಲಿ 21,000 ರೈತನ ಪಾಸ್‌ಬುಕ್ಕಿಗೆ ಬಂತು. ಅಲ್ಲಿ 405 ಸರ್ಕಾರದ ಖಜಾನೆಗೆ ಹೋಗುತ್ತದೆ. ಆ ನೀರಿನ ಮೇಲೆ ಬದುಕುವವನ ಮನೆಗೆ ಎಷ್ಟು?

ಇನ್ನೊಂದು ಲೆಕ್ಕವೂ ಇದೆ. 2024ರ ಜೂನ್‌ನಲ್ಲಿ ಸಚಿವ ಸಂಪುಟ ಕಡಲ ಗಾಳಿ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಯ ನೆರವು ಒಪ್ಪಿತು. ಅದರಲ್ಲಿ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಯಲ್ಲಿ ತಲಾ 500 ಮೆಗಾವ್ಯಾಟ್ ನಿಲ್ಲಿಸಲು. 600 ಕೋಟಿ ಎರಡು ಬಂದರುಗಳನ್ನು ಸರಿಮಾಡಲು. ಕೂಡಿ ನೋಡಿ. ಅಲ್ಲಿಗೆ ಪೂರ್ತಿ ಮುಗಿಯಿತು. ಮೀನುಗಾರರಿಗೆ ಅಂತ ಒಂದು ರೂಪಾಯಿಯ ಸಾಲು ಉಳಿಯಲು ಅಲ್ಲಿ ಜಾಗವೇ ಇಲ್ಲ.

ಇಷ್ಟು ಹೇಳಿದೆ ಅಂತ ನನ್ನನ್ನು ಗಾಳಿಯಂತ್ರದ ವಿರೋಧಿ ಅಂದುಕೊಳ್ಳಬೇಡಿ. ಸಂಜೆ ಆರೂವರೆ ಆಯಿತು ಅಂದರೆ ನಮ್ಮ ಪಾವಗಡದ ಪಾರ್ಕ್ ಮಲಗುತ್ತದೆ. ಜನ ಲೈಟು, ಟೀವಿ, ಮಿಕ್ಸಿ ಹಾಕುವ ಹೊತ್ತಿಗೇ ಸೂರ್ಯ ಮನೆಗೆ ಹೋಗಿರುತ್ತಾನೆ. ಕಡಲ ಗಾಳಿಗೆ ರಾತ್ರಿ ಹಗಲು ಇಲ್ಲ, ಮುಂಗಾರಿನಲ್ಲಂತೂ ಭೋರೆಂದು ಬೀಸುತ್ತದೆ. ಮೋಡ ಕವಿದು ನಮ್ಮ ಪ್ಯಾನೆಲ್ ಸೊರಗುವ ತಿಂಗಳುಗಳಲ್ಲಿ ಅದು ಮೈದುಂಬುತ್ತದೆ. ಎರಡೂ ಬೇಕು. ಬೇಕು ಅನ್ನುವುದಕ್ಕೇ ಹೇಳುತ್ತಿದ್ದೇನೆ, ಇಲ್ಲಿ ಮಾಡಿದ್ದನ್ನೇ ಅಲ್ಲಿ ಮಾಡಬೇಡಿ.

ಮಗಳು ಒಂದು ಭಾನುವಾರ ಮಂಗಳೂರಿನ ದಕ್ಕೆಗೆ, ಅಂದರೆ ಮೀನಿನ ಬಂದರಿಗೆ ಕರೆದುಕೊಂಡು ಹೋದಳು. ಬೆಳಗ್ಗೆ ಐದೂವರೆಗೆ ಆ ಗಲಾಟೆ, ಆ ವಾಸನೆ, ಮಂಜುಗಡ್ಡೆ ಒಡೆಯುವ ಸದ್ದು. ಬಂಗುಡೆ, ಬೂತಾಯಿ ಬುಟ್ಟಿಗಟ್ಟಲೆ. ಅಲ್ಲಿ ಹಿಂದೆ ತಾಂಡೇಲ ಆಗಿದ್ದ ಒಬ್ಬ ಹಿರಿಯರು ಸಿಕ್ಕಿದರು. ಬೋಟ್ ನಡೆಸುವ ಮುಖ್ಯಸ್ಥನನ್ನು ಹಾಗೆ ಕರೆಯುತ್ತಾರೆ. ಅವರ ಬೋಟುಗಳು ವಾರಗಟ್ಟಲೆ ಕಡಲಲ್ಲೇ ಇದ್ದು ಗೋವಾ, ಮಹಾರಾಷ್ಟ್ರದವರೆಗೂ ಹೋಗುತ್ತವಂತೆ. ನಾನು ಪೆದ್ದನ ಹಾಗೆ ಕೇಳಿದೆ: "ಅಷ್ಟು ದೊಡ್ಡ ಸಮುದ್ರ ಇದೆಯಲ್ಲ, ಗಾಳಿಯಂತ್ರ ಬಂದರೆ ಸ್ವಲ್ಪ ಪಕ್ಕಕ್ಕೆ ಹೋದರೆ ಆಗಲ್ವಾ?"

ಅವರು ನಕ್ಕರು. "ನೀವು ರಸ್ತೆಯಲ್ಲಿ ಹೋಗುವಾಗ ಎದುರು ಕಂಬ ಕಂಡರೆ ಬದಿಗೆ ಹೋಗ್ತೀರಿ. ನಮ್ಮ ಹಿಂದೆ ಬಲೆ ಉಂಟಲ್ಲ ಮಾರಾಯ್ರೆ. ಅದಕ್ಕೆ ಕಣ್ಣುಂಟಾ?" ಅಂದರು. ಟ್ರಾಲ್ ಬಲೆ ಬಿಟ್ಟರೆ ಗಂಟೆಗಟ್ಟಲೆ ಒಂದೇ ಸಮನೆ ಎಳೆಯಬೇಕಂತೆ. ಬೇಕಾದ ಹಾಗೆ ತಿರುಗಿಸಲು ಆಗುವುದಿಲ್ಲ. ತೇಲುಬಲೆಯಾದರೆ ನೀರು ಎಳೆದ ಕಡೆ ಹೋಗುತ್ತದೆ. ತಳದಲ್ಲಿ ಕಲ್ಲಿರುವ ಜಾಗ ಬೇರೆ, ಕೆಸರಿನ ಜಾಗ ಬೇರೆ, ಒಂದೊಂದರ ಮೀನೇ ಬೇರೆ. ಎಷ್ಟು ಮಾರು ಆಳದಲ್ಲಿ ಯಾವ ತಿಂಗಳು ಏನು ಸಿಗುತ್ತದೆ ಅನ್ನುವುದು ಅವರ ತಲೆಯಲ್ಲಿದೆ. ಈಗಿನ ಹುಡುಗರು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಆದರೆ ಪಕ್ಕದ ಬೋಟಿನವನಿಗೆ ತೋರಿಸುವುದಿಲ್ಲ. ಅವರು ಹೇಳುತ್ತಾ ಹೋದಂತೆ ನನಗೆ ಅಪ್ಪನ ಮಾತೇ ಕೇಳಿಸುತ್ತಿತ್ತು. ಯಾವ ತಿಂಗಳು ಯಾವ ಹೊಲ.

ನಮ್ಮ ಕರಾವಳಿ ನಿಮ್ಮ ಈಗಿನ ಪಟ್ಟಿಯಲ್ಲಿಲ್ಲ, ಗೊತ್ತು. ಗುರುತಿಸಿರುವ ವಲಯಗಳು ಗುಜರಾತಿನಲ್ಲಿ ಎಂಟು, ತಮಿಳುನಾಡಿನಲ್ಲಿ ಎಂಟು. ಆದರೆ ಮೀನಿಗೂ ಬೋಟಿಗೂ ರಾಜ್ಯದ ಗಡಿ ಇಲ್ಲ. ಕಡಲ ಗಾಳಿ ವಿದ್ಯುತ್ತಿನ 2015ರ ನೀತಿ ದೇಶದ ಇಡೀ ಅನನ್ಯ ಆರ್ಥಿಕ ವಲಯಕ್ಕೆ, ಅಂದರೆ ದಡದಿಂದ 200 ನಾಟಿಕಲ್ ಮೈಲಿವರೆಗೂ ಅನ್ವಯಿಸುತ್ತದೆ. ನಿಮ್ಮ ಇಲಾಖೆಯ 2023ರ ಕಾರ್ಯತಂತ್ರ ಪತ್ರದಲ್ಲಿ 2030ರೊಳಗೆ 37 ಗಿಗಾವ್ಯಾಟ್‌ಗೆ ಟೆಂಡರ್ ಕರೆಯುವ ಲೆಕ್ಕ ಇತ್ತು. ಚದರ ಕಿಲೋಮೀಟರಿಗೆ 5 ಮೆಗಾವ್ಯಾಟ್ ಅಂತ ಹಿಡಿದರೆ 7,400 ಚದರ ಕಿಲೋಮೀಟರ್ ಬೇಕು. ನಮ್ಮ ತುಮಕೂರು ಜಿಲ್ಲೆ ಇರುವುದು 10,597. ಹತ್ತು ತಾಲ್ಲೂಕಿನ ಜಿಲ್ಲೆಯಲ್ಲಿ ಏಳು ತಾಲ್ಲೂಕನ್ನು ಗುತ್ತಿಗೆ ಕೊಟ್ಟ ಹಾಗೆ. ಪಹಣಿ ಇಲ್ಲದೆ.

ಕಡಲಿಗೆ ಪಹಣಿಯಂಥದ್ದು ಇರುವುದೇ ಇಲ್ಲ ಅಂತಲ್ಲ. ಮಗಳು ಅದನ್ನು ಕಡಲ ಜಾಗದ ಯೋಜನೆ ಅನ್ನುತ್ತಾಳೆ. ಎಲ್ಲಿ ಹಡಗಿನ ದಾರಿ, ಎಲ್ಲಿ ಮೀನು ಮರಿ ಮಾಡುವ ಜಾಗ, ಎಲ್ಲಿ ಎಣ್ಣೆ ಬಾವಿ, ಎಲ್ಲಿ ನೌಕಾಪಡೆ, ಎಲ್ಲಿ ಬಲೆ, ಎಲ್ಲಿ ಗಾಳಿಯಂತ್ರ ಎಂದು ಎಲ್ಲರನ್ನೂ ಕೂರಿಸಿ ಒಂದೇ ನಕ್ಷೆಯಲ್ಲಿ ಬರೆಯುವುದು. ಐರೋಪ್ಯ ಒಕ್ಕೂಟ 2014ರಲ್ಲೇ ಕಾನೂನು ಮಾಡಿ, ಕಡಲಿರುವ ದೇಶಗಳೆಲ್ಲ 2021ರ ಮಾರ್ಚ್ ಒಳಗೆ ನಕ್ಷೆ ಮುಗಿಸಿ ಅಂತ ಗಡುವು ಹಾಕಿತು. ನಮ್ಮಲ್ಲೂ ಶುರುವಾಗಿದೆ. ನಾರ್ವೆ ಜೊತೆ 2019ರಲ್ಲಿ ಒಪ್ಪಂದವಾಗಿ ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಪ್ರಯೋಗ ನಡೆಯಿತು. ಪುದುಚೇರಿಯದು ಒಂದು ಹಂತಕ್ಕೂ ಬಂದಿದೆ. ಸಂತೋಷ. ಆದರೆ ಗಾಳಿಯಂತ್ರಕ್ಕೆ ಜಾಗ ಗುರುತಿಸಿದ್ದು ಎಲ್ಲಿ? ಖಂಭಾತ್ ಕೊಲ್ಲಿಯಲ್ಲಿ, ಮನ್ನಾರ್ ಕೊಲ್ಲಿಯ ಕಡೆ. ನಕ್ಷೆ ಬರೆದದ್ದು ಒಂದೂರಿನಲ್ಲಿ, ಗುತ್ತಿಗೆಗೆ ಇಟ್ಟದ್ದು ಇನ್ನೊಂದೂರಿನಲ್ಲಿ. ಸರ್ವೆಯರ್ ಶಿರಾದಲ್ಲಿ ಸರಪಳಿ ಹಿಡಿದಿರುವಾಗ ಮಧುಗಿರಿಯಲ್ಲಿ ಕ್ರಯಪತ್ರ ಬರೆದ ಹಾಗಾಯಿತು, ಅಲ್ವಾ?

ಮನ್ನಾರ್ ಕೊಲ್ಲಿಯಲ್ಲಂತೂ 21 ದ್ವೀಪಗಳ ರಾಷ್ಟ್ರೀಯ ಉದ್ಯಾನ ಇದೆ. ಹವಳ, ಕಡಲಹಸು, ಜೊತೆಗೆ ಸಣ್ಣ ದೋಣಿಯ ಸಾವಿರಾರು ಜನ. ಅಲ್ಲಿ ಗೆರೆ ಎಳೆಯುವುದು ಸುಲಭದ ಕೆಲಸ ಅಲ್ಲ, ಅವಸರದ ಕೆಲಸವಂತೂ ಅಲ್ಲವೇ ಅಲ್ಲ.

ಹೊರದೇಶದವರು ಎಲ್ಲ ಸರಿ ಮಾಡಿದ್ದಾರೆ ಅಂತ ನಾನು ಹೇಳಲಾರೆ. ಕಡಲಲ್ಲಿ ಮೊದಲು ಗಾಳಿಯಂತ್ರಗಳ ಪಾರ್ಕ್ ಮಾಡಿದ್ದು ಡೆನ್ಮಾರ್ಕ್, 1991ರಲ್ಲಿ, ಹನ್ನೊಂದೇ ಹನ್ನೊಂದು ಯಂತ್ರ. 2017ರಲ್ಲಿ ಅದನ್ನು ಬಿಚ್ಚಿಯೂ ಆಯಿತು. ಇಷ್ಟು ವರ್ಷದ ಮೇಲೂ ಯಂತ್ರಗಳ ನಡುವೆ ಮೀನು ಹಿಡಿಯಬಹುದೋ ಇಲ್ಲವೋ ಎಂಬುದರಲ್ಲಿ ದೇಶಕ್ಕೊಂದು ರೀತಿ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ತಡೆ ಇಲ್ಲ, ಕಟ್ಟುವಾಗ ಯಂತ್ರದ ಸುತ್ತ 500 ಮೀಟರ್ ಬಿಡಬೇಕು ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ ಸಣ್ಣ ದೋಣಿ ಹಾದುಹೋಗಬಹುದು, ಟ್ರಾಲ್ ಬಲೆ ಎಳೆಯುವಂತಿಲ್ಲ. ಬ್ರಿಟನ್‌ನ ಮೀನುಗಾರರಿಗೆ ಅನುಮತಿ ಇದ್ದರೂ ಕೇಬಲ್‌ಗೆ ಬಲೆ ಸಿಕ್ಕೀತೆಂಬ ಭಯಕ್ಕೆ ಎಷ್ಟೋ ಜನ ಒಳಗೆ ಹೋಗುವುದಿಲ್ಲವಂತೆ. ಕಾಗದದ ಮೇಲೆ ದಾರಿ ಇದೆ, ನಡೆಯಲು ಆಗಲ್ಲ. ನಮ್ಮ ನಕಾಶೆ ದಾರಿಗಳ ಕತೆ ನೆನಪಾಯಿತು.

ಆದರೆ ಕೆಲವು ಕಡೆ ಕೇಳಿದ್ದಕ್ಕೆ ಫಲ ಸಿಕ್ಕಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಕಡಲಿನಲ್ಲಿ ಮೀನುಗಾರರ ಒತ್ತಾಯದ ಮೇಲೆ ಎಲ್ಲ ಕಂಪನಿಗಳೂ ಯಂತ್ರಗಳನ್ನು ಒಂದೊಂದು ನಾಟಿಕಲ್ ಮೈಲಿ ದೂರಕ್ಕೆ, ಪೂರ್ವ-ಪಶ್ಚಿಮ ನೇರ ಸಾಲಿನಲ್ಲಿ ಇಡಲು 2019ರಲ್ಲಿ ಒಪ್ಪಿದವು. ಸುಮಾರು 1.85 ಕಿಲೋಮೀಟರ್ ಅಂತರ. ಡೆನ್ಮಾರ್ಕ್‌ನಲ್ಲಿ ಮೀನುಗಾರನಿಗೆ ಆಗುವ ನಷ್ಟವನ್ನು ಕಂಪನಿ ಮಾತಾಡಿ ಕಟ್ಟಿಕೊಡಬೇಕು, ಅದು ಕಾನೂನಿನಲ್ಲೇ ಇದೆ. ಜಪಾನ್ 2019ರಲ್ಲಿ ಜಾರಿಗೆ ತಂದ ಕಾನೂನಿನಲ್ಲಿ, ವಲಯ ಘೋಷಿಸುವ ಮೊದಲೇ ಸ್ಥಳೀಯ ಮೀನುಗಾರರೂ ಇರುವ ಒಂದು ಮಂಡಳಿ ಕೂತು ಮಾತಾಡುತ್ತದೆ. ಮೊದಲೇ ಅನ್ನುವುದನ್ನು ದಯವಿಟ್ಟು ಎರಡು ಸಲ ಓದಿ. ಬೇಲಿ ಬಂದ ಮೇಲೆ ಕರೆದು ಟೀ ಕೊಟ್ಟರೆ ಏನು ಬಂತು?

ನಿಮ್ಮವರು ಗಾಳಿ ಅಳೆಯಲು 2017ರಲ್ಲೇ ಖಂಭಾತ್ ಕೊಲ್ಲಿಯಲ್ಲಿ ಯಂತ್ರ ನಿಲ್ಲಿಸಿದರು. ವರ್ಷಗಟ್ಟಲೆ ಗಾಳಿಯನ್ನು ಅಳೆದರು. ಅದೇ ಶ್ರದ್ಧೆಯಲ್ಲಿ ಬಲೆಯನ್ನೂ ಅಳೆಯಿರಿ ಅಂತ ನನ್ನ ಮೊದಲ ಕೋರಿಕೆ. ಯಾವ ತಿಂಗಳು ಯಾವ ಊರಿನವರು ಎಷ್ಟು ಮಾರು ಆಳದಲ್ಲಿ ಏನು ಬಲೆ ಬಿಡುತ್ತಾರೆ ಅನ್ನುವುದನ್ನು ಅವರೇ ಕೂತು ಬರೆಸಿದ ನಕ್ಷೆ ಬೇಕು. ಉಪಗ್ರಹದ ಗುರುತು ಮಾತ್ರ ಸಾಲದು. ದೊಡ್ಡ ಬೋಟುಗಳಿಗೆ ಎಲ್ಲಿದ್ದೇವೆ ಎಂದು ತಿಳಿಸುವ ಟ್ರಾನ್ಸ್‌ಪಾಂಡರ್ ಬರುತ್ತಿದೆ, ಸರಿ. ನಾಡದೋಣಿಯವನು, ಕಟ್ಟುಮರದವನು ಆ ಪರದೆಯಲ್ಲಿ ಕಾಣುವುದಿಲ್ಲ. ಪರದೆಯಲ್ಲಿ ಖಾಲಿ ಕಂಡ ಜಾಗವನ್ನೇ ಖಾಲಿ ಅಂದುಕೊಂಡರೆ, ಬೇಸಿಗೆಯಲ್ಲಿ ನಮ್ಮ ಬೀಳು ಹೊಲ ನೋಡಿ ಇಲ್ಲಿ ಯಾರೂ ಇಲ್ಲ ಅಂದ ಹಾಗೆ. ಆ ನಕ್ಷೆ ಟೆಂಡರ್ ಪ್ರಕಟಣೆಯ ಜೊತೆಗೇ ಹೊರಗೆ ಬರಬೇಕು, ಗುಜರಾತಿಯಲ್ಲಿ, ತಮಿಳಿನಲ್ಲಿ. ಅಹವಾಲು ಕೇಳುವುದಾದರೆ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಕೇಳಿ. ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14, ಪಶ್ಚಿಮಕ್ಕೆ ಜೂನ್, ಜುಲೈ. ಆಗ ಬೋಟುಗಳೂ ದಡದಲ್ಲಿರುತ್ತವೆ, ಬೋಟಿನವರೂ ಇರುತ್ತಾರೆ. ಡಿಸೆಂಬರ್‌ನಲ್ಲಿ ಸಭೆ ಕರೆದು ಯಾರೂ ಬರಲಿಲ್ಲ ಎಂದು ನಡಾವಳಿ ಬರೆಯಬೇಡಿ.

ಈ ತಿಂಗಳುಗಳ ವಿಷಯ ಇನ್ನೂ ಸ್ವಲ್ಪ ಇದೆ. ಪಶ್ಚಿಮ ಕಡಲಿನಲ್ಲಿ ಮುಂಗಾರಿನ ಅಲೆಗೆ ಯಂತ್ರ ಕಟ್ಟಲು, ರಿಪೇರಿ ಮಾಡಲು ಹೋಗುವುದು ಕಷ್ಟ. ಆ ಕೆಲಸವೆಲ್ಲ ಕಡಲು ಶಾಂತವಾಗಿರುವಾಗಲೇ ಆಗಬೇಕು. ಮೀನುಗಾರನಿಗೂ ಅದೇ ಸುಗ್ಗಿ. ಅದೇ ನೀರು, ಅದೇ ತಿಂಗಳು, ಕೆಲವು ಕಡೆ ಅದೇ ಬಂದರು. ಜಾಗದ ಜೊತೆ ಹೊತ್ತನ್ನೂ ಹಂಚಿಕೊಳ್ಳದಿದ್ದರೆ ಜಗಳ ಖಂಡಿತ. ತಳಕ್ಕೆ ಕಂಬ ಬಡಿಯುವ ಸದ್ದು ನೀರಿನಲ್ಲಿ ಬಹಳ ದೂರ ಹೋಗುತ್ತದಂತೆ. ಜರ್ಮನಿಯಲ್ಲಿ ಅದಕ್ಕೊಂದು ಮಿತಿ ಇದೆ, 750 ಮೀಟರ್ ದೂರದಲ್ಲಿ 160 ಡೆಸಿಬೆಲ್. ಅದನ್ನು ಪಾಲಿಸಲು ಸುತ್ತಲೂ ಗಾಳಿಗುಳ್ಳೆಯ ಪರದೆ ಬಿಡುತ್ತಾರೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಬಡಿಯುವಂತಿಲ್ಲ ಅಂತ ನಮ್ಮ ಗುತ್ತಿಗೆ ಕರಾರಿನಲ್ಲೇ ಬರೆಸಿ.

ಎರಡನೆಯದು ಆ ಬಾಡಿಗೆ ದುಡ್ಡು. ಚದರ ಕಿಲೋಮೀಟರಿನ ಆ 1 ಲಕ್ಷದಲ್ಲಿ ಒಂದು ಪಾಲು ಪಕ್ಕದ ದಡಕ್ಕೆ ಬರಲಿ. ಬೋಟ್ ಮಾಲೀಕನಿಗೆ ಮಾತ್ರ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಅದು ಮತ್ತೆ 9ನೇ ಕಾಲಂ ಆಗುತ್ತದೆ. ಬೋಟಿನಲ್ಲಿ ಪಾಲಿಗೆ ದುಡಿಯುವವರು ಇದ್ದಾರೆ. ದಕ್ಕೆಯಲ್ಲಿ ಮೀನು ಆರಿಸುವ, ಬುಟ್ಟಿ ಹೊತ್ತು ಊರೂರು ಮಾರುವ ಹೆಂಗಸರು ಇದ್ದಾರೆ. ಬಲೆ ಹೆಣೆಯುವವರು, ಮಂಜುಗಡ್ಡೆಯವರು ಇದ್ದಾರೆ. ಇವರ ಹೆಸರುಗಳನ್ನು ಗುತ್ತಿಗೆಗೆ ಮೊದಲೇ ಬರೆದುಕೊಳ್ಳಿ. ಆಮೇಲೆ ಹುಡುಕಲು ಹೋದರೆ ಸಿಗುವುದಿಲ್ಲ, ನಮ್ಮಪ್ಪ ಸಿಗಲಿಲ್ಲ ನೋಡಿ.

ಯಂತ್ರಗಳ ನಡುವಿನ ನೀರಿನಲ್ಲಿ ಯಾರು ಹೋಗಬಹುದು, ಯಾವ ಬಲೆ ಬಿಡಬಹುದು, ಕೇಬಲ್ ಎಷ್ಟು ಆಳ ಹೂಳಬೇಕು, ಬಲೆ ಸಿಕ್ಕಿ ಹರಿದರೆ ಖರ್ಚು ಯಾರದು, ಇವೆಲ್ಲ ಟೆಂಡರ್ ಕಾಗದದಲ್ಲೇ ಇರಲಿ. ಆಗ ಕಂಪನಿಯವರೂ ಲೆಕ್ಕ ಹಾಕಿಯೇ ಬರುತ್ತಾರೆ. 35 ವರ್ಷದ ಮೇಲೆ ಕಂಬ ಕಿತ್ತು ಜಾಗ ಚೊಕ್ಕ ಮಾಡುವ ಠೇವಣಿ ಕೂಡ.

ಇನ್ನು ಈ ನಕ್ಷೆಗೆ ಕಾನೂನಿನ ಬಲ ಬೇಕು. ಮೀನುಗಾರಿಕೆ 12 ನಾಟಿಕಲ್ ಮೈಲಿವರೆಗೆ ರಾಜ್ಯದ್ದು, ಆಚೆಗೆ ಕೇಂದ್ರದ್ದು. ಹಡಗಿಗೆ ಒಂದು ಸಚಿವಾಲಯ, ಎಣ್ಣೆಗೆ ಒಂದು, ಪರಿಸರಕ್ಕೆ ಒಂದು, ಗಾಳಿಗೆ ನೀವು. ಒಂದೇ ನೀರಿಗೆ ಇಷ್ಟು ಜನ ಯಜಮಾನರು. ಮೀನುಗಾರ ಯಾರ ಬಾಗಿಲು ತಟ್ಟಬೇಕು? ನನ್ನಂಥ ಅರ್ಜಿ ಬರೆಯುವವನಿಗೆ "ಗೆ" ಅಂತ ಹಾಕಿ ಮುಂದೆ ಯಾರ ಹೆಸರು ಬರೆಯಬೇಕೋ ಗೊತ್ತಾಗಬೇಕು.

ಇದೆಲ್ಲ ಮಾಡುತ್ತಾ ಕೂತರೆ ತಡ ಆಗುತ್ತೆ ಅನ್ನುತ್ತೀರಿ. ಹೇಗೂ ತಡ ಆಗಿದೆ. 2024ರಲ್ಲಿ ಕರೆದ ಟೆಂಡರ್‌ಗಳು 2025ರಲ್ಲಿ ರದ್ದಾದವು. ನಮ್ಮ ಕಡಲಿನಲ್ಲಿ ಇನ್ನೂ ಒಂದು ಪಾರ್ಕ್ ಕೂಡ ಎದ್ದಿಲ್ಲ. ಪಾವಗಡದಲ್ಲಿ ನಮಗೆ ಸಿಗದ ಬಿಡುವು ನಿಮಗೆ ಅಲ್ಲಿ ಸಿಕ್ಕಿದೆ.

ನಿಮ್ಮ ಅಧಿಕಾರಿಗಳು ಈ ಕಡೆ ಬಂದರೆ ಪಾರ್ಕ್ ತೋರಿಸಲು ಬಹಳ ಜನ ಇದ್ದಾರೆ. ಪಾರ್ಕ್ ನೋಡಿದ ಮೇಲೆ ಅಂಗಡಿಗೆ ಬರಲಿ. ಅಪ್ಪ ಈಗ ಮಧ್ಯಾಹ್ನ ಅಲ್ಲೇ ಕೂತಿರುತ್ತಾರೆ.

ಇಂತಿ,
ಪಾವಗಡದ ಒಬ್ಬ ಅರ್ಜಿ ಬರೆಯುವವ

ಲಗತ್ತು: ಹಳೆಯ ಕುರಿದಾರಿಯ ನಕ್ಷೆ, ಒಂದು ಹಾಳೆ. ಅಪ್ಪ ಹೇಳಿದ್ದು, ಮೊಮ್ಮಗಳು ಬರೆದದ್ದು. ತಿಂಗಳುಗಳನ್ನು ಪಕ್ಕದಲ್ಲಿ ಗುರುತು ಮಾಡಿದೆ.